ಸಮುದ್ರಕ್ಕೆ ಬೆನ್ನು ಮಾಡಿ

ಮೊದಲು ಎಡಗಾಲು ತಣ್ಣಗಾಯಿತು, ಆಮೇಲೆ ಅವ್ವ ಕೂಗಿದಳು ಎಂದೇ ಇಷ್ಟು ದಿನ ಹೇಳುತ್ತ ಬಂದಿದ್ದೇನೆ, ಆದರೆ ಬರೆಯಲು ಕುಳಿತ ಮೇಲೆ ಆ ಕ್ರಮದ ಬಗ್ಗೆ ನನಗೇ ಅನುಮಾನ. ಅವ್ವನೇ ಮೊದಲು ಕೂಗಿರಬಹುದು. ಕೂಗು ಕೇಳಿದ ಮೇಲೆ ನಾನು ತಂಪನ್ನು ಕಲ್ಪಿಸಿಕೊಂಡಿರಬಹುದು. ಎರಡರ ನಡುವೆ ಅರ್ಧ ಉಸಿರಿನಷ್ಟು ಹೊತ್ತೂ ಇರಲಿಲ್ಲ. ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿದ್ದೇನೆ. ಹೇಳಿದಷ್ಟೂ ಚೊಕ್ಕವಾಗುತ್ತ ಹೋಗಿದೆ, ಚೊಕ್ಕವಾದಷ್ಟೂ ನನಗೆ ಸಿಟ್ಟು ಬರುತ್ತದೆ.

ಹೊರಗಿನ ಸಂಗತಿ ಸರಳ. ನಾನು ರಬಕವಿಯವಳು. ಎರಡು ವರ್ಷದ ಹಿಂದೆ ಬೆನ್ನುಹುರಿಗೆ ಬಾವು ಬಂದು ಸೊಂಟದ ಕೆಳಗೆ ಶಕ್ತಿಯೂ ಹೋಯಿತು, ಸ್ಪರ್ಶವೂ ಹೋಯಿತು. ಈಗ ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಈ ಬೇಸಿಗೆಯಲ್ಲಿ ಕಬ್ಬಿನ ಹಂಗಾಮು ಮುಗಿದ ಮೇಲೆ ಮನೆಯವರೆಲ್ಲ ಸೇರಿ ಸಮುದ್ರಕ್ಕೆ ಹೋದೆವು. ಅಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಯಾರ ಕೈಯೂ ನನ್ನ ಮೈಮೇಲೆ ಇಲ್ಲದಿರುವಾಗ ಒಂದು ಅಲೆ ಬಂದು ನನ್ನ ಪಾದ ಮುಟ್ಟಬೇಕು, ಅದು ನನಗೆ ತಿಳಿಯುತ್ತದೋ ಇಲ್ಲವೋ ನೋಡಬೇಕು. ಯಾರ ಕೈಯೂ ಇರಬಾರದು ಎಂಬ ಹಟ ಯಾಕೆ ಎಂದು ಹೇಳಲು ಮೀರಜಿನ ಆಸ್ಪತ್ರೆಯ ತನಕ ಹೋಗಬೇಕು. ಅದಕ್ಕೂ ಮೊದಲು ಒಂದು ಪೆಡಲ್ಲಿನ ಹತ್ತಿರ.

ಸೀರೆಯ ಅಂಚಿನಲ್ಲಿ ಹೂವು ಬರಬೇಕಾದರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಸರ ತಿರುಗಬೇಕು. ಯಾವ ಪಟ್ಟಿಯಲ್ಲಿ ಎಲ್ಲಿ ತೂತು ಎಂಬುದರಲ್ಲಿ ಹೂವಿನ ಆಕಾರ ಇರುತ್ತದೆ. ಆ ತೂತು ಹೊಡೆಯುವುದು ನನ್ನ ಕೆಲಸವಾಗಿತ್ತು. ಬೆರಳಲ್ಲಿ ಗುಂಡಿ ಒತ್ತಿ ಕಾಲಲ್ಲಿ ಪೆಡಲ್ ತುಳಿದರೆ ಒಂದು ಸಾಲು ಬೀಳುತ್ತದೆ. ಇಪ್ಪತ್ತು ವರ್ಷ ಹಾಗೆ ತುಳಿದಿದ್ದೆ. ಒಂದು ದಿನ ಹಿರಿಯ ನೇಕಾರರೊಬ್ಬರು ಸೀರೆ ಹೆಗಲಿಗೆ ಹಾಕಿಕೊಂಡು ಬಂದು ಅಂಚು ಬಿಡಿಸಿ ತೋರಿಸಿದರು.

"ಏನ್ರೀ ಸುವರ್ಣಕ್ಕಾ, ನಿಮ್ಮ ಹೂವಿಗೆ ಎರಡ ಎಸಳ ಇಲ್ಲಲ್ರೀ. ಆಡ ಮೇದ್ಹೋತೇನು?"

ನಾನು ಜಗಳ ತೆಗೆದೆ. ನಿಮ್ಮ ಮಗ್ಗದ್ದೇ ತಪ್ಪು ಅಂದೆ. ಪಟ್ಟಿ ತೆಗೆದು ಬೆಳಕಿಗೆ ಹಿಡಿದರೆ ತೂತು ಇರಬೇಕಾದಲ್ಲಿ ಇಲ್ಲ. ಪೆಡಲ್ ಪೂರ್ತಿ ಕೆಳಗೆ ಹೋಗಿರಲಿಲ್ಲ, ಹೋಗಿದೆ ಎಂದು ನಾನು ತಿಳಿದಿದ್ದೆ. ಸೀರೆ ನೀಲಿಯದು ಎಂದು ಇಲ್ಲಿ ಬರೆದು ಹೊಡೆದುಹಾಕಿದೆ. ಅದರ ಬಣ್ಣ ನನಗೆ ನೆನಪಿಲ್ಲ. ನೀಲಿ ಎಂದರೆ ಓದಲು ಚಂದ, ಅಷ್ಟೆ.

ನಾಲ್ಕು ದಿನದಲ್ಲಿ ಬಚ್ಚಲಲ್ಲಿ ಬಿದ್ದೆ. ಜಮಖಂಡಿಯ ಡಾಕ್ಟರು ನನ್ನ ಪಾದದ ಅಡಿಯಲ್ಲಿ ಕೀಲಿಕೈ ಎಳೆದು ನೋಡಿದರು, ನನ್ನ ತಮ್ಮ ಮಲ್ಲಪ್ಪನನ್ನು ಹೊರಗೆ ಕರೆದರು. ಅವನು ಒಳಗೆ ಬಂದಾಗ ಅವನ ಮುಖ ನೋಡಿ ನನಗೆ ಮೊದಲ ಬಾರಿ ಹೆದರಿಕೆಯಾಯಿತು. ಅದೇ ದಿನ ಮೀರಜಿಗೆ ಹೊರಟೆವು.

ಮೀರಜಿನ ಆ ಆಸ್ಪತ್ರೆಯ ಕಾಯುವ ಜಾಗದಲ್ಲಿ ನಮ್ಮ ಕಡೆಯವರೇ ಅರ್ಧ ತುಂಬಿದ್ದರು. ಮುಧೋಳದವರು, ಬೀಳಗಿಯವರು, ರೊಟ್ಟಿಯ ಗಂಟು ಬಿಚ್ಚಿಕೊಂಡು ಕುಳಿತವರು. ಸರದಿಯ ನಂಬರನ್ನು ಮರಾಠಿಯಲ್ಲಿ ಕೂಗುತ್ತಿದ್ದರು. ಅವ್ವನಿಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ನಾನು ಸ್ಟ್ರೆಚರ್ ಮೇಲೆ ಮಲಗಿ ಅವಳ ಸೀರೆಯ ನಿರಿಗೆ ಏಳುವುದನ್ನೂ ಕೂರುವುದನ್ನೂ ನೋಡುತ್ತಿದ್ದೆ. ಎಲ್ಲಿಗೆ ಒಯ್ದರೂ "ಒಂದು, ಎರಡು, ಮೂರು" ಎಂದು ಎಣಿಸಿ ನನ್ನನ್ನು ಎತ್ತುತ್ತಿದ್ದರು. ಎಣಿಕೆ ಎತ್ತುವವರಿಗಾಗಿ, ನನಗಾಗಿ ಅಲ್ಲ. ವಾರ್ಡಿನಲ್ಲಿ ಒಬ್ಬ ಆಯಾ ಮಾತ್ರ ಪ್ರತಿ ಸಲ ಮೊದಲು ಹೇಳುತ್ತಿದ್ದಳು: "ಈಗ ಎಡಕ್ಕ ಹೊಳ್ಳಸ್ತೇನ್ರೀ ಅಕ್ಕಾರ." ಅವಳ ಹೆಸರು ನಾನು ಕೇಳಲಿಲ್ಲ. ಕೇಳಬೇಕಿತ್ತು.

ದಿನಾ ಬೆಳಿಗ್ಗೆ ಒಬ್ಬ ಎಳೆಯ ಡಾಕ್ಟರು ಬಂದು ಪರೀಕ್ಷೆ ಮಾಡುತ್ತಿದ್ದರು. ಮರಾಠಿಯವರು, ರೋಗಿಗಳಿಂದಲೇ ಕನ್ನಡ ಕಲಿತವರು. "ಕಣ್ಣು ಬಂದ್ ಮಾಡ್ರಿ. ಮುಟ್ಟಿದ್ದ ಗೊತ್ತಾದ್ರ ಹೂಂ ಅನ್ರಿ," ಎಂದು ಅರಳೆಯ ತುದಿಯಿಂದ ಪಾದ, ಮೊಣಕಾಲು, ತೊಡೆ ಮುಟ್ಟುತ್ತಿದ್ದರು. ಮೊದಲ ಎರಡು ದಿನ ನಾನು ಹೊಕ್ಕುಳಿನ ತನಕ ಸುಮ್ಮನೆ ಬಿದ್ದಿದ್ದೆ. ಮೂರನೆಯ ದಿನ ಎಡಪಾದಕ್ಕೆ "ಹೂಂ" ಅಂದೆ. ಡಾಕ್ಟರು ಮತ್ತೊಮ್ಮೆ ಮುಟ್ಟಿದರು. "ಹೂಂ." ಆಮೇಲೆ ಮುಟ್ಟಿದಂತೆ ಮಾಡಿ ಮುಟ್ಟಲಿಲ್ಲ. ನಾನು ಸುಮ್ಮನಿದ್ದೆ. ಅವರು ಸಂತೋಷದಿಂದ ಫೈಲಿನಲ್ಲಿ ಬರೆದುಕೊಂಡರು.

ನನಗೆ ಗೊತ್ತಾಗಲು ಇನ್ನೂ ಒಂದು ದಿನ ಬೇಕಾಯಿತು. ತಲೆಯ ಬದಿಗೆ ನಿಂತ ಅವ್ವನ ಕೈ ನನ್ನ ಹೆಗಲ ಮೇಲಿರುತ್ತಿತ್ತು. ಡಾಕ್ಟರು ಪಾದ ಮುಟ್ಟಿದಾಗಲೆಲ್ಲ ಆ ಕೈ ಸಣ್ಣಗೆ ಬಿಗಿಯಾಗುತ್ತಿತ್ತು.

"ಯವ್ವಾ, ನೀ ನನ್ನ ಹೆಗಲಾ ಒತ್ತಾಕತ್ತಿ," ಅಂದೆ.

"ನಾ ಎಲ್ಲಿ ಒತ್ತೇನಿ? ಸುಮ್ನ ಕೈ ಇಟ್ಟೇನಿ."

"ಅವರು ಮುಟ್ಟಿದಾಗಷ್ಟ ಒತ್ತತಿ."

ಅವ್ವ ಸಿಡಿದಳು. "ಹೌದ, ಒತ್ತೇನಿ. ಏನೀಗ? ಮಗ್ಗಲ ಮಂಚದಾಕಿ ಎಲ್ಲಾದಕ್ಕೂ ಹೂಂ ಹೂಂ ಅಂತಾಳ. ನೀ ಒಬ್ಬಾಕಿ ಬಾಯಿ ಮುಚಗೊಂಡ ಬಿದ್ದಿರ್ತಿ. ಇಕಿಗೆ ಏನೂ ಗುಣಾ ಇಲ್ಲ ಅಂತ ಔಷಧ ಬಂದ್ ಮಾಡಿ ಮನಿಗೆ ಕಳಿಸಿದ್ರ ನಾ ಏನ್ ಮಾಡ್ಲಿ?"

ಪರೀಕ್ಷೆಯಲ್ಲಿ ಮಗಳು ನಪಾಸಾಗುತ್ತಾಳೆ ಎಂಬ ಹೆದರಿಕೆ ಅದು. ನಾನು ಅವಳನ್ನು ಬೈದೆ ಎಂದು ಬರೆಯಬಹುದಿತ್ತು. ಬೈಯಲಿಲ್ಲ. ಮುಂದಿನ ಎರಡು ದಿನವೂ ಆ ಕೈಯನ್ನು ಹೆಗಲ ಮೇಲೆ ಇರಲು ಬಿಟ್ಟು "ಹೂಂ" ಅನ್ನುತ್ತ ಹೋದೆ. ನನಗೂ ಪಾಸಾಗಬೇಕಿತ್ತು. ಫೈಲಿನಲ್ಲಿ 'ಎಡಪಾದದಲ್ಲಿ ಸ್ಪರ್ಶ ಮರಳುತ್ತಿದೆ' ಎಂದು ದಾಖಲಾಯಿತು. ಅದು ಇನ್ನೂ ಹಾಗೇ ಇದೆ. ನಂತರದ ಪ್ರತಿ ಭೇಟಿಯಲ್ಲೂ ಡಾಕ್ಟರು ಆ ಹಾಳೆ ತಿರುವಿ ಹುಬ್ಬು ಗಂಟಿಕ್ಕುತ್ತಾರೆ. "ಆವಾಗ ಇಷ್ಟ ಛಲೋ ಬಂದಿತ್ತಲ್ಲ, ಮತ್ತ ಯಾಕ ನಿಂತಿತು?" ಅದಕ್ಕಾಗಿ ಮತ್ತೊಂದು ಸ್ಕ್ಯಾನ್ ಮಾಡಿಸಿದರು. ಆ ಕೊಳವೆಯೊಳಗೆ ಮಲಗಿ, ಬಾಯಿ ಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದುಕೊಂಡೆ. ಹೊರಗೆ ಬಂದು ಹೇಳಲಿಲ್ಲ.

ಮನೆಯಲ್ಲಿ ಕಾಲ ಹೇಗೆ ಹೋಯಿತು ಎಂಬುದನ್ನು ಬಿಟ್ಟುಬಿಡುತ್ತೇನೆ. ಬಾಡಗಂಡಿಯ ಅತ್ತೆ ಬಂದು ಔಡಲೆಣ್ಣೆ ಹಚ್ಚಿ ತಿಕ್ಕಿದ್ದು, ಕಾಲು ಕೆಂಪಾದದ್ದು, "ನೋಡ, ರಕ್ತ ಓಡಾಕತ್ತೈತಿ" ಎಂದದ್ದು, ಇಂಥವು ಎಲ್ಲರ ಮನೆಯಲ್ಲೂ ನಡೆಯುತ್ತವೆ. ಕುರ್ಚಿ ಬಂದ ಮೇಲೆ ನನಗೆ ತಿಳಿದದ್ದೆಂದರೆ, ನಮ್ಮ ಕಡೆ ದಾರಿ ಇಲ್ಲದ ಕಡೆಯೆಲ್ಲ ಕೈಗಳಿವೆ. ಮೆಟ್ಟಿಲು ಬಂದರೆ ನಾಲ್ಕು ಜನ ಓಡಿ ಬಂದು ಎತ್ತುತ್ತಾರೆ. ಪ್ರೀತಿಯಿಂದಲೇ. ಜಮಖಂಡಿಯಲ್ಲಿ ಒಂದು ಮದುವೆಗೆ ಹೋದಾಗ ಕಲ್ಯಾಣಮಂಟಪದ ಮೆಟ್ಟಿಲ ಮೇಲೆ ನನ್ನನ್ನು ಕುರ್ಚಿಯ ಸಮೇತ ಹೆಗಲೆತ್ತರಕ್ಕೆ ಎತ್ತಿದರು. ಮದುಮಗಳು ಬಂದಳೆಂದು ತಿಳಿದು ಬ್ಯಾಂಡಿನವರು ಬಾರಿಸಲು ಶುರು ಮಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಳಿಸಿದ ಮೇಲೆ ಊಟ ಇಳಿಯಲಿಲ್ಲ.

ಎತ್ತಿದಾಗ ಇನ್ನೊಂದು ಆಗುತ್ತದೆ. ಎತ್ತಿದವರ ಮೈ ನನ್ನ ಮೈಗೆ ಸುದ್ದಿ ಹೇಳುತ್ತದೆ. ಅವರ ಕಾಲು ಜಾರಿದರೆ ನನಗೆ ಗೊತ್ತಾಗುತ್ತದೆ, ಅವರಿಗೆ ಬಿಸಿಲು ತಾಗಿದರೆ ಗೊತ್ತಾಗುತ್ತದೆ. ಅವ್ವನ ಕೈ ಹೆಗಲ ಮೇಲಿದ್ದ ಹಾಗೆಯೇ. ನನ್ನ ಕಾಲಿಗೆ ಏನು ಗೊತ್ತು ಎಂಬುದು ಅದರಲ್ಲಿ ಮುಚ್ಚಿಹೋಗುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದಿತ್ತಲ್ಲ ಎಂದು ಮಲ್ಲಪ್ಪ ಕೇಳಿದ. ಮಾಡಿದ್ದೆ. ಬಕೆಟಿನ ನೀರು ಸುರಿದುಕೊಂಡರೆ ಸುರಿಯುವ ಕೈ ನನ್ನದೇ. ಅವನ ಹೆಂಡತಿ ಸವಿತಾ ಸುರಿದರೆ ಅವಳ ಬಳೆಯ ಸದ್ದು ಮೊದಲು ಬರುತ್ತದೆ.

"ಮತ್ತ ಹೊಳಿ ಐತೆಲ್ಲ ಯಕ್ಕಾ ಇಲ್ಲೇ, ಮನಿ ಹಿಂದ. ಅಷ್ಟ ದೂರ ಸಮುದ್ರಕ್ಕ ಯಾಕ?"

"ಹೊಳಿ ದಂಡಿಗೆ ಇಳಿಯಾಕ ನೀ ಮತ್ತ ನನ್ನ ಎತ್ತಬೇಕು. ಹೊಳಿ ತಾನ ಬರೂದಿಲ್ಲ. ಸಮುದ್ರ ತಾನ ಬರತೈತಿ."

ಇದು ನಾನು ಕೊಟ್ಟ ಕಾರಣ. ಇನ್ನೊಂದನ್ನು ಹೇಳಲಿಲ್ಲ. ನಮ್ಮ ಓಣಿಯವರೆಲ್ಲ ಒಮ್ಮೆಯಾದರೂ ಕ್ರೂಸರ್ ಗಾಡಿ ಮಾಡಿಕೊಂಡು ಸಮುದ್ರ ನೋಡಿ ಬಂದಿದ್ದಾರೆ. ಯಾಕೆ ಹೋಗುತ್ತೀರಿ ಎಂದು ಅವರನ್ನು ಯಾರೂ ಕೇಳಿಲ್ಲ. ಕುರ್ಚಿಯಲ್ಲಿ ಕುಳಿತವಳು ಮಾತ್ರ ಕಾರಣ ಒದಗಿಸಬೇಕು, ಅದೂ ಡಾಕ್ಟರ ಚೀಟಿಯಂಥ ಕಾರಣ.

ಹೊರಡುವ ಮೊದಲು ಆ ಕಡಲತೀರದ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅದೇ ಉತ್ತರ. "ಎಲ್ಲಾ ವ್ಯವಸ್ಥೆ ಉಂಟು ಮೇಡಂ. ರ್‍ಯಾಂಪ್ ಉಂಟು. ಮರಳಿನ ಮೇಲೆ ಹೋಗುವ ದೊಡ್ಡ ಚಕ್ರದ ಕುರ್ಚಿಯೂ ಉಂಟು. ನೀವು ಬನ್ನಿ." ನಾನು ಮಲ್ಲಪ್ಪನಿಗೆ ಹೇಳಿದೆ. ಅವನು ನಂಬಲಿಲ್ಲ. ಹಂಗಾಮಿನಲ್ಲಿ ಅವನು ಹಿಪ್ಪರಗಿಯ ಕಡೆಯ ಹೊಲಗಳಿಂದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಗಾಲಿ ಹೂಳುವ ವಿಷಯದಲ್ಲಿ ಅವನಿಗೆ ಬಾಯಿಮಾತು ಸಾಲದು. ತುಂಬಿದ ಟ್ರೇಲರ್ ಕೆಸರಿನಲ್ಲಿ ಕೂತರೆ ನಮ್ಮವರು ಗಾಲಿಯಡಿ ರವದಿ ಹಾಸುತ್ತಾರೆ. ರವದಿ ಎಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗಿದ ಎಲೆ. ಬೆಳಿಗ್ಗೆ ನೋಡಿದರೆ ಕ್ರೂಸರಿನ ನೆತ್ತಿಯ ಮೇಲೆ ರವದಿ ಒತ್ತಿ ತುಂಬಿದ ಎಂಟು ಗೋಣಿಚೀಲ.

"ಸಮುದ್ರಕ್ಕ ಮೇವ ಹಾಕಾಕ ಹೊಂಟೀರೇನು?" ಎಂದು ಸವಿತಾ ಗಂಡನನ್ನು ಕೇಳಿದಳು.

"ನೀ ರೊಟ್ಟಿ ಕಟ್ಟೀ ಇಲ್ಲ? ನಾ ಹಾದಿ ಕಟ್ಟೇನಿ. ಕೂಡ ಸುಮ್ನ."

ಮೊದಲ ರಾತ್ರಿ ತಂಗಿದ ಲಾಜಿನವರು ಕೆಳಗಿನ ಮಹಡಿಯ ಕೋಣೆ ಎಂದಿದ್ದರು. ಕೆಳಗಿನದೇ, ಅದರ ಮುಂದೆ ಮೂರು ಮೆಟ್ಟಿಲು. ಬಚ್ಚಲ ಬಾಗಿಲು ನನ್ನ ಕುರ್ಚಿಗಿಂತ ನಾಲ್ಕು ಬೆರಳು ಕಿರಿದು. ಸವಿತಾ ಕೋಣೆಯಲ್ಲೇ ಬಕೆಟ್ ತಂದು ಒದ್ದೆ ಬಟ್ಟೆಯಿಂದ ನನ್ನ ಮೈ ಒರೆಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಬಿಟ್ಟುಹೋಗಿದ್ದ ರೂಢಿ ಅದು. ಅವಳು ಏನೋ ಹಾಡು ಗುನುಗುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ.

ಮರುದಿನ ಹತ್ತು ಗಂಟೆಗೆ ತೀರಕ್ಕೆ ಬಂದೆವು. ನೀಲಿ ಬೋರ್ಡು ಇತ್ತು, ಅದರ ಮೇಲೆ ಬಿಳಿ ಗಾಲಿಕುರ್ಚಿ. ಅದರ ಕೆಳಗಿನಿಂದ ಒಳ್ಳೆಯ ಸಿಮೆಂಟಿನ ಇಳಿಜಾರು. ಎರಡೂ ಬದಿಗೆ ಉಕ್ಕಿನ ಕಂಬಿ. ನಾನು ಬ್ರೇಕು ಹಿಡಿಯುತ್ತ ಒಬ್ಬಳೇ ಇಳಿದೆ, ಮನಸ್ಸು ಹಗುರಾಯಿತು ಕೂಡ. ಇಳಿಜಾರು ಮುಗಿಯುವಲ್ಲಿ ಗೇಣೆತ್ತರದ ಮೆಟ್ಟಿಲು, ಆಮೇಲೆ ಬರೀ ಸಡಿಲ ಮರಳು. ಒದ್ದೆ ಮರಳಿಗೆ ಅಲ್ಲಿಂದ ನಾಲ್ಕೈದು ಸೀರೆಯ ಉದ್ದ.

ಇಳಿಜಾರಿನ ತುದಿಯಲ್ಲಿ ಪತ್ರಿಕೆ ಹಾಸಿಕೊಂಡು ಒಬ್ಬ ಮುದುಕರು ಕುಳಿತಿದ್ದರು. ಪಕ್ಕದಲ್ಲಿ ಊರುಗೋಲು, ಸುತ್ತಲೂ ಹತ್ತು ಹನ್ನೆರಡು ಜೊತೆ ಚಪ್ಪಲಿ. ಅವರೂ ನಮ್ಮ ಕಡೆಯವರೇ, ಮುಧೋಳ ತಾಲ್ಲೂಕಿನವರು ಎಂದು ಮಾತಿನಿಂದ ಗೊತ್ತಾಯಿತು.

"ನಾಕ ಸಲ ಬಂದೇನಿ ತಂಗಿ. ಮಕ್ಕಳು ಮೊಮ್ಮಕ್ಕಳು ಇಳೀತಾರ, ನಾ ಇಲ್ಲಿ ಕುಂತ ಚಪ್ಲಿ ಕಾಯತೇನಿ. ಉಸುಕಿನ್ಯಾಗ ಕೋಲ ಊರಾಕ ಆಗಂಗಿಲ್ಲ."

"ನೀರು ಮುಟ್ಟೇ ಇಲ್ಲೇನ್ರೀ ಅಜ್ಜಾರ?"

"ಬಾಟಲ್ಯಾಗ ತಂದ ಕೊಡತಾರ," ಅಂದರು. ವ್ಯಂಗ್ಯವೋ ನಿಜವೋ ಅವರ ಮುಖದಿಂದ ತಿಳಿಯಲಿಲ್ಲ.

ಕಾವಲುಗಾರ ಸೀಟಿ ಕೊರಳಿಗೆ ನೇತುಹಾಕಿಕೊಂಡು ಬಂದ. ಐವತ್ತರ ಆಸುಪಾಸಿನವನು, ಬಿಸಿಲಿಗೆ ಸುಟ್ಟ ಮುಖ. ದೊಡ್ಡ ಚಕ್ರದ ಕುರ್ಚಿ ಕೇಳಿದೆವು. ಒಂದು ಸಣ್ಣ ಕೋಣೆಯ ಕಡೆ ಕೈ ತೋರಿಸಿದ. ಗಾಜಿನ ಕಿಟಕಿಗೆ ಮುಖ ಒತ್ತಿ ನೋಡಿದೆ. ಕುರ್ಚಿ ಇತ್ತು. ಸುಳ್ಳಲ್ಲ. ಬಲೂನಿನಂಥ ಹಳದಿ ಗಾಲಿಗಳು, ಮೈಗೆ ಪ್ಲಾಸ್ಟಿಕ್ ಹಾಗೇ ಸುತ್ತಿತ್ತು, ಅದರ ಮೇಲೆ ಉದ್ಘಾಟನೆಯ ದಿನ ಹಾಕಿದ ಚೆಂಡುಹೂವಿನ ಹಾರ ಒಣಗಿ ಕಪ್ಪಾಗಿತ್ತು. ಗಾಲಿಗೆ ಕುಂಕುಮ ಹಚ್ಚಿದ್ದರು. ಪೂಜೆಯಾದ ಮೇಲೆ ಅದು ಹೊರಗೆ ಬಂದೇ ಇಲ್ಲ.

"ಕೀಲಿ ಸಾರ್ ಹತ್ರ ಉಂಟು," ಎಂದ ಕಾವಲುಗಾರ.

"ಸಾರ್ ಎಲ್ಲದಾರ?"

"ಈಗ ಬರ್ತಾರೆ. ನೀವು ಒಂದು ಫೋನ್ ಮಾಡಿ ಬರ್ಬೇಕಿತ್ತು."

ಮೂರು ಸಲ ಮಾಡಿದ್ದೆ ಎಂದು ನಾನು ಹೇಳಿದೆ. ಆ ಸ್ವರ ನನಗೇ ಹಿಡಿಸಲಿಲ್ಲ. ಆಮೇಲೆ ಕಾಯಲು ಕುಳಿತೆವು. ಹನ್ನೊಂದು, ಹನ್ನೆರಡು. ಮೀರಜಿನ ಬೆಂಚು ಇಲ್ಲಿಗೆ ಬಂದಂತಿತ್ತು, ಗೋಡೆ ಮಾತ್ರ ಇರಲಿಲ್ಲ. ಒಂದು ವ್ಯಾನು ನಿಂತಾಗಲೆಲ್ಲ ಅವ್ವ ಎದ್ದು ನಿಂತು ನೋಡುತ್ತಿದ್ದಳು. ಸವಿತಾ ಬಿಚ್ಚಿದ ರೊಟ್ಟಿ, ಶೇಂಗಾ ಚಟ್ನಿಯನ್ನು ಅಜ್ಜನೂ ತಿಂದರು, ಕಾವಲುಗಾರನೂ ತಿಂದ. ಒಂದೂವರೆ ಗಂಟೆಗೆ ಸಾರ್ ಊಟಕ್ಕೆ ಹೋಗಿದ್ದಾರೆಂದು ಸುದ್ದಿ ಬಂತು.

"ಎತ್ತಿ ಬಿಡೋಣ್ರೀ, ಎಷ್ಟ ಹೊತ್ತ ಕಾಯೂದು," ಅಂದಳು ಅವ್ವ.

"ಎತ್ತಿದ್ರ ಈಗ ಮನಿಗೆ ಹೋಗೂನು," ಅಂದೆ.

"ಏನ್ ಹಟಾನ ಇಕೀದು! ಎತ್ತಿದ್ರ ಸಮುದ್ರ ಬ್ಯಾರೆ ಆಕ್ಕೈತೇನು?"

ಅವಳಿಗೆ ನಾನು ಕಾರಣ ಹೇಳಿರಲಿಲ್ಲ. ಹೇಳಿದ್ದರೆ ಹೆಗಲ ಮಾತು ಬರುತ್ತಿತ್ತು.

ಮಲ್ಲಪ್ಪ ಎದ್ದು ಹೋಗಿ ಚೀಲ ಇಳಿಸತೊಡಗಿದ. ಇಳಿಜಾರಿನ ತುದಿಯ ಮೆಟ್ಟಿಲಿಗೆ ಒಂದು ತುಂಬಿದ ಚೀಲವನ್ನೇ ತುಳಿದು ಕೂರಿಸಿದ, ಎರಡನೆಯದನ್ನು ಮರಳಿನ ಮೇಲೆ ಸುರಿದ. ಕಾವಲುಗಾರ ಸೀಟಿ ಊದಿದ.

"ಎಂತ ಇದು? ಇಲ್ಲಿ ಕಸ ಹಾಕೂಕೆ ಇಲ್ಲ!"

"ಕಸಾ ಅಲ್ರೀ ಅಣ್ಣಾರ, ರವದಿ."

"ಎಂತದೋ ಆಗ್ಲಿ. ಮರಳಿನ ಮೇಲೆ ಒಂದು ಚಾಕಲೇಟ್ ಕಾಗದ ಬಿದ್ರೂ ನನ್ನ ಕೇಳ್ತಾರೆ."

"ನಿಮ್ಮ ಕುರ್ಚಿ ಗಾಜಿನ್ಯಾಗ ಕುಂತೈತಿ, ಅದನ್ನ ಯಾರರೆ ಕೇಳ್ಯಾರೇನು? ಅಣ್ಣಾರ, ನಾ ಇಪ್ಪತ್ತ ಟನ್ ಕಬ್ಬ ಇದರ ಮ್ಯಾಲ ದಾಟಿಸೇನಿ. ನಮ್ಮಕ್ಕ ಎಷ್ಟ ಕೆಜಿ ಅದಾಳ?"

ಜೋರು ಮಾತಾಯಿತು. ಕೊನೆಗೆ ಕಾವಲುಗಾರ ನನ್ನ ಕಡೆ ನೋಡಿದ, ಕೋಣೆಯ ಕಡೆ ನೋಡಿದ. "ಹೋಗುವಾಗ ಒಂದು ಎಲೆ ಇರೂಕೆ ಇಲ್ಲ," ಎಂದು ಬೆನ್ನು ತಿರುಗಿಸಿ ನಿಂತ. ಅವನ ಕರುಣೆ ಅಂಥದು, ನೋಡದೆ ಇರುವುದು.

ರವದಿಯ ಮೇಲೆ ನಾಲ್ಕು ಅಡಿ ಹೋಗಿ ನಿಂತೆ. ಟ್ರ್ಯಾಕ್ಟರಿನ ಗಾಲಿ ಆಳೆತ್ತರ. ನನ್ನ ಕುರ್ಚಿಯ ಮುಂದಿನ ಗಾಲಿಗಳು ಅಂಗೈಯಷ್ಟು. ಉದ್ದನೆಯ ಎಲೆಗಳು ಅವಕ್ಕೆ ಸುತ್ತಿ, ಅಚ್ಚಿನೊಳಗೆ ಹೊಕ್ಕು, ಗಾಲಿ ತಿರುಗುವುದೇ ನಿಂತಿತು. ಮಲ್ಲಪ್ಪ ಮಂಡಿಯೂರಿ ಚಟ್ನಿಯ ಚಮಚದ ಹಿಡಿಯಿಂದ ಎಲೆ ಕಿತ್ತ. ಮತ್ತೆ ಎರಡು ಅಡಿ. ಮತ್ತೆ ನಿಂತಿತು. ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಅವನನ್ನು ಬೈದೆ. ಇದು ಕಬ್ಬಿನ ಹೊಲವಲ್ಲ, ನಾನು ಟ್ರೇಲರಲ್ಲ, ಯಾರು ಹೇಳಿದ್ದರು ನಿನಗೆ ಎಂದೆ. ಇನ್ನೂ ಕೆಟ್ಟದ್ದು ಏನೋ ಅಂದೆ. ಅಂಥದ್ದೇನೂ ನೀನು ಅನ್ನಲಿಲ್ಲ ಎಂದು ಅವನು ಈಗ ಹೇಳುತ್ತಾನೆ, ಏನಂದೆ ಎಂದು ನಾನು ಕೇಳಿದರೂ ಹೇಳುವುದಿಲ್ಲ.

ಅವನು ಮರಳಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದ. "ಯಕ್ಕಾ, ರಿವರ್ಸ್ ಹೊಡಿ," ಅಂದ.

ತಿರುಗಿಸಿದರೆ ದೊಡ್ಡ ಗಾಲಿ ಮೊದಲು ಹೋಗಿ ಎಲೆಯನ್ನು ಒತ್ತಿ ಚಪ್ಪಟೆ ಮಾಡುತ್ತದೆ, ಚಿಕ್ಕವು ಹಿಂದಿನಿಂದ ಅದೇ ಜಾಡಿನಲ್ಲಿ ಬರುತ್ತವೆ. ಹಾಗೆ ನಾನು ಸಮುದ್ರಕ್ಕೆ ಬೆನ್ನು ಮಾಡಿ ಹೊರಟೆ. ಎರಡೂ ಕೈಯಿಂದ ಗಾಲಿ ಹಿಂದಕ್ಕೆ ಎಳೆಯುತ್ತ, ಒಂದೊಂದು ಮೊಳ. ನಾನು ದಾಟಿದ ರವದಿಯನ್ನು ಮಲ್ಲಪ್ಪ ಬಾಚಿ ನನ್ನ ಹಿಂದೆ ಒಯ್ದು ಹಾಸುತ್ತಿದ್ದ. ಕುರ್ಚಿಯನ್ನು ಮುಟ್ಟಲಿಲ್ಲ. ನನಗೆ ಕಾಣುತ್ತಿದ್ದದ್ದು ಇಳಿಜಾರು, ನೀಲಿ ಬೋರ್ಡು, ಅದರ ಮೇಲಿನ ಬಿಳಿ ಕುರ್ಚಿ, ಗಾಜಿನ ಕಿಟಕಿ, ಚಪ್ಪಲಿಗಳ ನಡುವೆ ಎದ್ದು ನಿಂತ ಅಜ್ಜ. ಅರ್ಧ ದಾರಿಗೆ ಬಂದಾಗ ನೋಡಿದರೆ ಅಜ್ಜ ಕೋಲೂರಿಕೊಂಡು ರವದಿಯ ಮೇಲೆ ಇಳಿಯುತ್ತಿದ್ದರು. ಚಪ್ಪಲಿ ಕಾಯಲು ಯಾರೂ ಇರಲಿಲ್ಲ.

ಅವರ ಕಾಲಡಿಯ ರವದಿಯನ್ನು ಮಲ್ಲಪ್ಪ ಬಾಚಲು ಹೋದ. "ಏ ತಮ್ಮಾ, ನಿಂದರ, ನಾ ಅದೇನಿ ಇಲ್ಲಿ!" ಎಂದು ಅವರು ರೇಗಿದರು.

ಒದ್ದೆ ಮರಳು ಗಟ್ಟಿಯಾಗಿತ್ತು. ಅಲ್ಲಿ ರವದಿಯೇ ಬೇಕಿರಲಿಲ್ಲ. ಕುರ್ಚಿ ಸಿಮೆಂಟಿನ ಮೇಲೆ ಹೋದಂತೆ ಹೋಯಿತು. ಅಷ್ಟು ದಾರಿಗಾಗಿ, ನಾಲ್ಕೈದು ಸೀರೆ ಉದ್ದದ ದಾರಿಗಾಗಿ, ಬೆಳಗಿನಿಂದ ಕಾದಿದ್ದೆವು. ಹಲಗೆ ಹಾಸಿದರೂ ಸಾಕು, ಚಾಪೆ ಹಾಸಿದರೂ ಸಾಕು. ಬೋರ್ಡಿಗೆ ಬಳಸಿದ ತಗಡು ಹಾಸಿದ್ದರೂ ಆಗುತ್ತಿತ್ತು.

ನಾನು ನಿಂತೆ. ಕಾಲು ಇಡುವ ಪಟ್ಟಿ ಮಡಚಿ, ನನ್ನ ಕೈಯಿಂದಲೇ ಎರಡೂ ಕಾಲು ಎತ್ತಿ ಮರಳಿನ ಮೇಲೆ ಇಟ್ಟೆ. ಕುರ್ಚಿ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ನೀರು ಕಾಣದಿದ್ದರೆ ಇನ್ನೂ ಒಳ್ಳೆಯದು ಎಂದು ಆಗ ಹೊಳೆಯಿತು. ಎಲ್ಲರನ್ನೂ ದೂರ ನನ್ನ ಎದುರಿಗೆ ನಿಲ್ಲಿಸಿದೆ.

"ಯಾರೂ ಮಾತಾಡಬ್ಯಾಡ್ರಿ. ನೀರು ಬಂದ್ರ ಹೇಳಬ್ಯಾಡ್ರಿ. ಯವ್ವಾ, ನಿನಗ ಹೇಳಾಕತ್ತೇನಿ."

"ನಾ ಯಾಕ ಮಾತಾಡ್ಲಿ?" ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಒಂದು ಕ್ಷಣ ನನ್ನ ಹೆಗಲಿನ ಮೇಲೆ ನಿಂತದ್ದು ನನಗೆ ಕಂಡಿತು. ಅವಳಿಗೆ ಅರ್ಥವಾಯಿತು ಎಂದು ನಾನು ಅಂದುಕೊಂಡಿದ್ದೇನೆ.

ನಾನು ಕಣ್ಣು ಮುಚ್ಚಿದೆ. ಬೆನ್ನ ಹಿಂದೆ ಒಂದು ಅಲೆ ಒಡೆದು ಹಿಂದೆ ಸರಿಯಿತು. ಇನ್ನೊಂದೂ ತಲುಪಲಿಲ್ಲ. ಮೂರನೆಯದು.

ಎಡಪಾದದಲ್ಲಿ ತಂಪು. ಅವ್ವನ ಕೂಗು: "ಬಂತ ಬಂತ ಬಂತ!" ಕುರ್ಚಿ ಒಂದಿಷ್ಟು ಕುಸಿಯಿತು.

ಕಣ್ಣು ತೆರೆದಾಗ ನೀರು ನನ್ನ ಪಾದದ ಗಂಟಿನ ತನಕ ಇತ್ತು, ನೊರೆ ಮುಂದೆ ಓಡುತ್ತಿತ್ತು, ಅವ್ವ ಎರಡೂ ಕೈ ಎತ್ತಿ ನಿಂತಿದ್ದಳು. ಅಜ್ಜ ಸ್ವಲ್ಪ ದೂರದಲ್ಲಿ ಕೋಲನ್ನು ನೀರಿಗೆ ಊರಿ ತಮ್ಮ ಪಾದಗಳನ್ನೇ ನೋಡುತ್ತಿದ್ದರು. ನನಗೆ ಗೊತ್ತಾಯಿತು ಎಂದು ನಾನು ಕೂಗಿದೆ. ಅವ್ವ ಅಳುತ್ತ ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅಲ್ಲಿಂದ ಮುಂದೆ ನನ್ನ ಮೈಮೇಲೆ ಯಾರದೋ ಕೈ ಇದ್ದೇ ಇತ್ತು. ಇನ್ನೆಷ್ಟೋ ಅಲೆ ಬಂದವು, ಅವು ಲೆಕ್ಕಕ್ಕಿಲ್ಲ.

ಆಮೇಲೆ ರವದಿ ಆರಿಸಿದ್ದೇ ಒಂದು ದೊಡ್ಡ ಕೆಲಸ. ಗಾಳಿ ಎದ್ದಿತ್ತು. ಮಲ್ಲಪ್ಪ, ಸವಿತಾ, ಅಜ್ಜನ ಮೊಮ್ಮಕ್ಕಳು, ಕೊನೆಗೆ ಕಾವಲುಗಾರನೂ ಸೇರಿ ತೀರದುದ್ದಕ್ಕೆ ಕಬ್ಬಿನ ಎಲೆಗಳ ಹಿಂದೆ ಓಡಿದರು. ಐದು ಗಂಟೆಗೆ ಸಾರ್ ಕೀಲಿ ಹಿಡಿದು ಬಂದರು. "ಅಯ್ಯೋ, ಸ್ವಲ್ಪ ಕಾದಿದ್ದರೆ ಆಗುತ್ತಿತ್ತಲ್ಲ ಮೇಡಂ," ಅಂದರು. ಬಂದದ್ದಕ್ಕೆ ಆ ಹಳದಿ ಗಾಲಿಯ ಕುರ್ಚಿಯಲ್ಲಿ ಕುಳಿತು ಒಂದು ಫೋಟೊ ಕೊಡಿ, ಬೋರ್ಡು ಹಿಂದೆ ಬರಲಿ ಎಂದರು. ಆಗುವುದಿಲ್ಲ ಎಂದೆ. ಆ ದಿನದ ನೆನಪುಗಳಲ್ಲಿ ಅದೊಂದರ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಊರಿಗೆ ಬಂದು ಒಂದು ಪತ್ರವನ್ನೂ ಬರೆದೆ. ಕುರ್ಚಿ ಹೊರಗಿಡಿ, ಮೆಟ್ಟಿಲು ತೆಗೆಯಿರಿ, ಒದ್ದೆ ಮರಳಿನ ತನಕ ಏನಾದರೂ ಹಾಸಿರಿ ಎಂದು. ಉತ್ತರ ಬಂದಿಲ್ಲ.

ಬರುವ ದಾರಿಯಲ್ಲಿ ಕ್ರೂಸರಿನಲ್ಲಿ ನಾನು ಆ ತಂಪನ್ನು ಮತ್ತೆ ಮತ್ತೆ ವರ್ಣಿಸುತ್ತಿದ್ದೆ. ತಣ್ಣನೆಯ ನೀರು ಹಿಮ್ಮಡಿಯಿಂದ ಬೆರಳಿನ ತನಕ ಹೇಗೆ ಬಂತು ಎಂದು. ಸವಿತಾ ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಿದಳು.

"ತಣ್ಣಗ ಎಲ್ಲಿ ಇತ್ರೀ ಅಕ್ಕಾರ? ನಾನೂ ನಿಂತಿದ್ನೆಲ್ಲ ನೀರಾಗ. ಬಿಸಲಿಗೆ ಉಗರ ಬೆಚ್ಚಗ ಆಗಿತ್ತ."

ಅವಳಿಗೆ ಅದು ದೊಡ್ಡ ಮಾತಲ್ಲ. ಹೇಳಿ ಮತ್ತೆ ಕಿಟಕಿಯ ಕಡೆ ತಿರುಗಿದಳು. ಮಲ್ಲಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ.

ಹಾಳಾದ ನರ ಬಿಸಿಯನ್ನು ತಂಪೆಂದು ತಿಳಿಸಬಹುದಂತೆ, ಮೀರಜಿನ ವಾರ್ಡಿನಲ್ಲಿ ಅಂಥವರನ್ನು ನೋಡಿದ್ದೇನೆ. ಹಾಗಿದ್ದರೆ ನನ್ನ ಪಾದ ತಪ್ಪಾಗಿಯಾದರೂ ಏನನ್ನೋ ಹೇಳಿತು. ಅಥವಾ ಅಲೆ ಒಡೆದ ಸದ್ದು, ಕುರ್ಚಿ ಕುಸಿದದ್ದು, ಅವ್ವನ ಕೂಗು ಸೇರಿ ನನ್ನೊಳಗೆ ಒಂದು ಸಮುದ್ರ ಮಾಡಿದವು, ಸಮುದ್ರವೆಂದರೆ ತಣ್ಣಗಿರಬೇಕು ಎಂದು ಅದಕ್ಕೆ ತಂಪನ್ನೂ ಸೇರಿಸಿದವು.

ಬರುವ ಸೋಮವಾರ ಮೀರಜಿಗೆ ಹೋಗಬೇಕು. ಹೆಗಲ ವಿಷಯ ಈ ಸಲ ಡಾಕ್ಟರಿಗೆ ಹೇಳುತ್ತೇನೆ. ಅವ್ವನಿಗೂ ಹೇಳಿದ್ದೇನೆ, ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ ಎಂದಿದ್ದಾಳೆ. ಡಾಕ್ಟರು ಫೈಲು ಮುಚ್ಚಿ, ಮತ್ತೆ ಈಗ ಖರೆ ಹೇಳ್ರಿ, ಎಡಪಾದಕ್ಕೆ ಏನಾದರೂ ತಿಳಿಯುತ್ತದೋ ಎಂದು ಕೇಳುತ್ತಾರೆ. ಸಮುದ್ರದಲ್ಲಿ ಒಂದು ಸಲ ಏನೋ ಆಯಿತು ಎಂದು ಹೇಳಬಹುದು. ಅದು ಕಾಲಿಗಾಯಿತೋ ಕಿವಿಗಾಯಿತೋ ನನಗೆ ಗೊತ್ತಿಲ್ಲ.